ಚನಿಯ ಕಟ್ಟಿದ ಐದು ಶುಕ್ರವಾರ

ಕೊಲ್ಲಿ ದೇಶದಲ್ಲಿ, ದೇರಾದ ಮೀನು ಮಾರ್ಕೆಟ್ಟಿಗೆ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ, ಮೂರನೇ ಮಹಡಿಯ ಒಂದು ಫ್ಲ್ಯಾಟಿನಲ್ಲಿ ನಾವು ನಾಲ್ವರಿದ್ದೆವು. ನಾನು ದ್ವಾರಕನಾಥ, ಮೈಸೂರಿನವನು, ಹಡಗು ಕಂಪನಿಯೊಂದರಲ್ಲಿ ಗುಮಾಸ್ತ. ವಯಸ್ಸಿನಲ್ಲೂ ಕೋಪದಲ್ಲೂ ಉಳಿದವರಿಗಿಂತ ಹಿರಿಯ. ಬೆಂಗಳೂರಿನ ಗುರುದತ್ತ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಬಜ್ಪೆಯ ಕ್ಯಾಮಿಲಸ್ ಹೋಟೆಲೊಂದರ ರಿಸೆಪ್ಷನ್ನಿನಲ್ಲಿ ಟೈ ಕಟ್ಟಿಕೊಂಡು ನಗುವ ಕೆಲಸದವನು. ನಾಲ್ಕನೆಯವನು ಚನಿಯ. ನಾನು ಹೇಳಹೊರಟಿರುವುದು ಅವನ ಕಥೆ.

ಬೆಳ್ತಂಗಡಿ ಕಡೆಯ ಚನಿಯ ಹಮ್ರಿಯಾ ತರಕಾರಿ ಮಾರುಕಟ್ಟೆಯ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಮಾತು ಕಡಿಮೆ. ಬೈದರೆ ನಗುತ್ತಿದ್ದ, ಹೊಗಳಿದರೆ ಕಿವಿ ಕೆಂಪಾಗುತ್ತಿತ್ತು. ವಾರವೆಲ್ಲ ಎಣ್ಣೆ ಕಲೆಯ ನೀಲಿ ಬಟ್ಟೆಯಲ್ಲಿ ಓಡಾಡುವ ಈ ಮನುಷ್ಯ ಬಿಡುವಿನ ಶುಕ್ರವಾರ ಬಂತೆಂದರೆ ಬೆಳಗ್ಗೆಯೇ ಎದ್ದು ಬಿಳಿ ಶರ್ಟಿಗೆ ಇಸ್ತ್ರಿ ಹಾಕಿ, ಸ್ಟೀಲು ಡಬ್ಬಿಗೆ ನೀರುದೋಸೆ ತುಂಬಿಕೊಂಡು, ಅಲ್ ಐನ್‌ಗೆ ಹೋಗುವ ಶೇರ್ ಟ್ಯಾಕ್ಸಿ ಹಿಡಿಯುತ್ತಿದ್ದ. ಅಲ್ಲಿ ಅವನ ಹೆಂಡತಿ ಅಕ್ಕು ಆಸ್ಪತ್ರೆಯೊಂದರಲ್ಲಿ ನರ್ಸು. ಅವಳಿದ್ದದ್ದು ಹಾಸ್ಟೆಲಿನಲ್ಲಿ, ಅಲ್ಲಿ ಗಂಡಸರಿಗೆ ಪ್ರವೇಶವಿಲ್ಲ. ನಮ್ಮದು ಬ್ಯಾಚುಲರ್ ಫ್ಲ್ಯಾಟು. ಮೆಟ್ಟಿಲ ಬಳಿ ಸೀರೆಯೋ ಚೂಡಿದಾರವೋ ಕಂಡರೆ ಕಟ್ಟಡ ಕಾಯುವ ನಾತೂರ್ ಹುಬ್ಬು ಗಂಟಿಕ್ಕುತ್ತಿದ್ದ. ಹಾಗಾಗಿ ಮದುವೆಯಾಗಿ ನಾಲ್ಕು ವರ್ಷವಾದ ಗಂಡ ಹೆಂಡತಿ ಖರ್ಜೂರದ ತೋಟದ ನೆರಳಿನಲ್ಲಿ ಕೂತು ದೋಸೆ ತಿಂದು, ಸಂಜೆಯಾದರೆ ಅವಳು ಆ ಕಡೆ, ಇವನು ಈ ಕಡೆ. ಇದೇ ಅವರ ಸಂಸಾರ.

ಆ ಶುಕ್ರವಾರವಾದರೂ ವಾರ ವಾರ ಸಿಗುತ್ತಿತ್ತೇ ಅಂದರೆ ಅದೂ ಇಲ್ಲ. ನಮ್ಮ ಮೆಸ್ಸಿನ ಕಾನೂನೇ ಹಾಗಿತ್ತು. ಶುಕ್ರವಾರ ಇಬ್ಬರು ಅಡುಗೆಮನೆಗೆ, ಇಬ್ಬರು ಹಾಸಿಗೆಗೆ. ಮುಂದಿನ ವಾರ ಅದಲು ಬದಲು. ಬೆಳಗ್ಗೆ ಮೀನು ತರುವುದರಿಂದ ಹಿಡಿದು ಸಂಜೆ ಪಾತ್ರೆ ತೊಳೆದು, ಮನೆ ಒರೆಸಿ, ವಾರಕ್ಕಾಗುವಷ್ಟು ಮಸಾಲೆ ಅರೆದಿಡುವ ತನಕ ಸರದಿಯವರು ಹೊರಗೆ ಕಾಲಿಡುವ ಹಾಗಿಲ್ಲ. ನಾನು ಮೀನು ಮುಟ್ಟುವವನಲ್ಲ. ನನ್ನ ಪಾಲಿನದು ಸಾರು, ಪಲ್ಯ, ಆಮೇಲೆ ಉಳಿದವರ ಮೇಲೆ ರೇಗುವುದು.

ಈ ಸರದಿಯೇ ನಮ್ಮ ಬಾಜಿಯ ನಾಣ್ಯ. ಈ ದೇಶದಲ್ಲಿ ಜೂಜು ಕೂಡದು, ನನ್ನ ಮನೆಯಲ್ಲೂ ಕೂಡದು. ದಿರ್ಹಮ್ ಇಟ್ಟು ಆಡಿದವನನ್ನು ಹಾಸಿಗೆ ಸಮೇತ ಹೊರಗೆ ಹಾಕುತ್ತೇನೆಂದು ಹೇಳಿಟ್ಟಿದ್ದೆ. ಶುಕ್ರವಾರ ಇಟ್ಟು ಆಡಿದರೆ ಯಾರ ತಕರಾರೂ ಇಲ್ಲ. ಬಾಜಿ ಕಟ್ಟುವವನು ಅಡುಗೆಮನೆಯಲ್ಲಿ ನಿಂತು, ಇಂಥ ತಂಡಕ್ಕೆ ಇಷ್ಟು ಶುಕ್ರವಾರ ಅಂತ ಹೇಳಿ, ಅನ್ನದ ಪಾತ್ರೆಯ ಮುಚ್ಚಳಕ್ಕೆ ಸೌಟಿನಿಂದ ಒಂದೇಟು ಬಡಿಯಬೇಕು. ಸೌಟು ಬಡಿದ ಮೇಲೆ ಮಾತು ಬದಲಿಸುವ ಹಾಗಿಲ್ಲ.

ಬಾಜಿ ಯಾವುದರ ಮೇಲೆ ಅಂದರೆ ನಮ್ಮ ಊರ ಹೆಂಗಸರ ಥ್ರೋಬಾಲ್ ಮೇಲೆ. ನಮ್ಮವರ ಸಂಘವೊಂದು ಚಳಿಗಾಲದಲ್ಲಿ ಐದು ತಂಡಗಳ ಲೀಗ್ ನಡೆಸುತ್ತಿತ್ತು: ಕರಾಮಾ, ದೇರಾ, ಶಾರ್ಜಾ, ಅಬುಧಾಬಿ, ಅಲ್ ಐನ್. ಗುರುವಾರ ಅರ್ಧ ದಿನ ರಜೆಯಾದ್ದರಿಂದ ಸಂಜೆ ಒಂದು ಶಾಲೆಯ ಮೈದಾನದಲ್ಲಿ ಆಟ. ಅಕ್ಟೋಬರಿನಲ್ಲಿ ಶುರು, ರಂಜಾನ್ ತಿಂಗಳು ಬಿಡುವು, ಮಾರ್ಚಿನಲ್ಲಿ ಮುಗಿತಾಯ. ಅಂಕಪಟ್ಟಿಯಲ್ಲಿ ಮೊದಲೆರಡು ಸ್ಥಾನ ಪಡೆದವರು ಕಪ್ಪಿಗಾಗಿ ಫೈನಲ್ ಆಡುವುದು.

ಒಂದು ಪಂದ್ಯದ ಬಾಜಿ ಹುಡುಗಾಟ. ಸಂಜೆ ಕಟ್ಟಿ, ಸಂಜೆಯೇ ಗೆದ್ದು ಸೋತು ಮಲಗಬಹುದು. ನಮ್ಮದು ಸೀಸನ್ನಿನ ಬಾಜಿ. ಮೊದಲ ಚೆಂಡು ಬೀಳುವ ಮೊದಲೇ, ಕಡೆಗೆ ಕಪ್ ಎತ್ತುವವರು ಯಾರೆಂದು ಹೇಳಿ, ಮಾರ್ಚಿನ ತನಕ ಬಾಯಿ ಮುಚ್ಚಿಕೊಂಡು ಕಾಯಬೇಕು. ನಡುವೆ ಆಟಗಾರ್ತಿ ಬಾಣಂತನಕ್ಕೆ ಊರಿಗೆ ಹೋಗಬಹುದು, ಯಾರದೋ ವೀಸಾ ರದ್ದಾಗಬಹುದು, ಯಾರ ಕಾಲೋ ಉಳುಕಬಹುದು. ಅವೆಲ್ಲ ಕಟ್ಟಿದವನ ಹಣೆಬರಹ. ಅಷ್ಟು ಕಾಯುತ್ತಾನೆ ಅಂತಲೇ ಅವನಿಗೆ ದರ ಜಾಸ್ತಿ. ಅರ್ಧ ಸೀಸನ್ ಕಳೆದ ಮೇಲೆ ಯಾರು ಗೆಲ್ಲುತ್ತಾರೆ ಅಂತ ಹೇಳುವುದಕ್ಕೆ ಜಾಣತನ ಬೇಕಿಲ್ಲ, ಕಣ್ಣಿದ್ದರೆ ಸಾಕು. ಆಗ ದರ ಇಳಿಯುತ್ತದೆ. ಆದರೆ ಮೊದಲೇ ಕಟ್ಟಿದವನಿಗೆ ಕಟ್ಟಿದ ದಿನದ ದರವೇ ಕಡೆಯ ತನಕ.

ದರ ಹೇಳುವವನು ನಾನು. ನಾನೇ ಬಾಜಿ ಕಟ್ಟುವ ಹಾಗಿಲ್ಲ. ಆದರೆ ಯಾರಾದರೂ ಗೆದ್ದರೆ ಉಳಿದ ಮೂವರೂ ಸೇರಿ ಅವನ ಸರದಿ ಮಾಡಿಕೊಡಬೇಕು. ಹಾಗಾಗಿ ದರ ತಪ್ಪಿದರೆ ನನ್ನ ಬೆನ್ನೇ ಮುರಿಯುವುದು. ಆ ವರ್ಷ, ಅಂದರೆ ತೊಂಬತ್ತೆಂಟರ ಅಕ್ಟೋಬರಿನಲ್ಲಿ, ಕರಾಮಾಕ್ಕೆ ಒಂದಕ್ಕೆ ಒಂದು ಅಂದೆ, ಅಂದರೆ ಒಂದು ಶುಕ್ರವಾರ ಕಟ್ಟಿ ಗೆದ್ದರೆ ಒಂದು ಸರದಿ ಮಾಫಿ. ಅವರಲ್ಲಿ ಇಬ್ಬರು ಶಾಲೆಯ ಪಿ.ಟಿ. ಟೀಚರುಗಳು, ಹಿಂದಿನ ಎರಡು ವರ್ಷವೂ ಅವರದೇ ಕಪ್. ಶಾರ್ಜಾಕ್ಕೆ ಒಂದಕ್ಕೆ ಎರಡು. ದೇರಾ, ಅಬುಧಾಬಿಗೆ ಒಂದಕ್ಕೆ ಮೂರು. ಅಲ್ ಐನ್‌ಗೆ ಒಂದಕ್ಕೆ ಐದು. ಅಲ್ ಐನ್ ತಂಡವೆಂದರೆ ಆಸ್ಪತ್ರೆಯ ನರ್ಸುಗಳು. ಶಿಫ್ಟಿನ ದೆಸೆಯಿಂದ ಏಳು ಜನ ಒಟ್ಟಿಗೆ ಅಭ್ಯಾಸ ಮಾಡಿದ ದಿನವೇ ಇರಲಿಲ್ಲ. ಹಿಂದಿನ ವರ್ಷ ಒಂದೂ ಪಂದ್ಯ ಗೆದ್ದಿರಲಿಲ್ಲ. ಆ ವರ್ಷ ಅವರ ಕ್ಯಾಪ್ಟನ್ ಅಕ್ಕು.

ಗುರುದತ್ತ ಕರಾಮಾಕ್ಕೆ ಒಂದು ಶುಕ್ರವಾರ ಕಟ್ಟಿ ಸೌಟು ಬಡಿದ. ಕ್ಯಾಮಿಲಸ್ ತನ್ನ ತಂಗಿ ಜೂಡಿತ್ ಆಡುತ್ತಾಳೆಂದು ಶಾರ್ಜಾಕ್ಕೆ ಒಂದು ಕಟ್ಟಿದ. ಚನಿಯ ಈರುಳ್ಳಿ ಹೆಚ್ಚುತ್ತಿದ್ದವನು ಕೈ ಒರೆಸಿಕೊಂಡು ಬಂದ.

"ಅಲ್ ಐನ್. ಐದು" ಅಂದ.

"ಐದು ಅದರ ದರ ಕಣೋ. ನೀನೆಷ್ಟು ಕಟ್ತೀಯ ಹೇಳು" ಅಂತ ನಾನು ರೇಗಿದೆ.

"ನಾನು ಕಟ್ಟುದೇ ಐದು, ದ್ವಾರಕಣ್ಣ."

ಐದಕ್ಕೆ ಐದರಂತೆ ಇಪ್ಪತ್ತೈದು. ಗೆದ್ದರೆ ಹೆಚ್ಚು ಕಡಿಮೆ ಒಂದು ವರ್ಷ ಅವನು ಒಲೆಯ ಕಡೆ ತಿರುಗಿ ನೋಡಬೇಕಿಲ್ಲ. ಪ್ರತಿ ಶುಕ್ರವಾರ ಬಿಳಿ ಶರ್ಟು, ಪ್ರತಿ ಶುಕ್ರವಾರ ಅಲ್ ಐನ್. ಸೋತರೆ ಬಿಡುವಿನ ಐದು ಶುಕ್ರವಾರ ಬೇರೆಯವರ ಸರದಿಗೆ ಹೋಗುತ್ತವೆ. ನಡುನಡುವೆ ತನ್ನ ಸರದಿಯಂತೂ ಇದ್ದೇ ಇದೆ. ಒಟ್ಟು ಹತ್ತು ಶುಕ್ರವಾರ ಉದ್ದಕ್ಕೂ ಅಡುಗೆಮನೆ. ಎರಡು ತಿಂಗಳು ದಾಟಿ ಹೆಂಡತಿಯ ಮುಖ ನೋಡುವ ಹಾಗಿಲ್ಲ.

"ಹುಚ್ಚಾ ನಿಂಗೆ? ಪ್ರೀತಿಗೆ ಒಂದು ಕಟ್ಟು ಸಾಕು" ಅಂದ ಗುರುದತ್ತ.

ಚನಿಯ ಮುಚ್ಚಳಕ್ಕೆ ಸೌಟು ಬಡಿದು, ವಾಪಸು ಈರುಳ್ಳಿಯ ಹತ್ತಿರ ಹೋದ.

ನವೆಂಬರಿನಲ್ಲಿ ನಾವು ಅವನನ್ನು ಗೋಳುಹೊಯ್ದುಕೊಂಡೆವು. ಅಲ್ ಐನ್ ಮೊದಲ ಪಂದ್ಯ ಸೋತಿತ್ತು. ಎರಡನೆಯದು ಹೇಗೋ ಗೆದ್ದರು. ಮೂರನೆಯದೂ ಗೆದ್ದಾಗ ನಾನೇ ಹೋಗಿ ನೋಡಿದೆ. ಎಸೆತದಲ್ಲಿ ಕರಾಮಾದವರ ಅರ್ಧವೂ ಇಲ್ಲ. ಆದರೆ ಚೆಂಡು ಯಾವ ಮೂಲೆಗೆ ಬಂದರೂ ಅಲ್ಲೊಂದು ಕೈ ಇರುತ್ತಿತ್ತು. ಅಕ್ಕು ನೋಡಲು ಸಣ್ಣ ಆಳು. ಬಗ್ಗಿ, ಹಾರಿ, ಮಣ್ಣಿನಲ್ಲಿ ಮಂಡಿಯೂರಿ ಹಿಡಿಯುತ್ತಿದ್ದಳು, ಹಿಡಿದದ್ದನ್ನು ಬಿಡುತ್ತಿರಲಿಲ್ಲ. ಎದುರಿನವರು ಎಸೆದೂ ಎಸೆದೂ ಸುಸ್ತಾಗಿ ಕಡೆಗೆ ತಾವೇ ನೆಟ್ಟಿಗೆ ಹೊಡೆಯುತ್ತಿದ್ದರು. ಚನಿಯ ಬೇಲಿಗೆ ಆತುಕೊಂಡು ಮೂಕನಂತೆ ನಿಂತಿರುತ್ತಿದ್ದ. ಆಟ ಮುಗಿದ ಮೇಲೆ ಅವಳು ಬೆವರು ಒರೆಸಿಕೊಳ್ಳುತ್ತ ಬಂದು, "ವನಸ್ ಆಂಡಾ?" ಅಂತ ತುಳುವಿನಲ್ಲಿ ಊಟ ವಿಚಾರಿಸುವಳು. ಅಷ್ಟರಲ್ಲಿ ಅವರ ಮಿನಿ ಬಸ್ಸು ಹಾರನ್ ಹೊಡೆಯುತ್ತಿತ್ತು.

ರಂಜಾನ್ ಮುಗಿದು ಫೆಬ್ರವರಿ ಬರುವ ಹೊತ್ತಿಗೆ ಅಲ್ ಐನ್ ಅಂಕಪಟ್ಟಿಯ ಮೇಲ್ತುದಿಯಲ್ಲಿ ಕೂತಿತ್ತು. ಎರಡನೆಯದು ಕರಾಮಾ, ಫೈನಲ್ ಇವರಿಬ್ಬರಿಗೇ ಅಂತ ಖಚಿತವಾಗಿತ್ತು. ಹೊಸದಾಗಿ ಯಾರಾದರೂ ಕಟ್ಟುವುದಾದರೆ ಈಗ ಅದಕ್ಕೂ ಒಂದಕ್ಕೆ ಒಂದೇ. ಚನಿಯನ ಒಂದಕ್ಕೆ ಐದು ಮಾತ್ರ ಹಾಗೇ ಇತ್ತು, ನನ್ನ ಗಂಟಲಲ್ಲಿ ಮೀನಿನ ಮುಳ್ಳಿನಂತೆ. ಮೀನು ತಿನ್ನದವನ ಗಂಟಲಿಗೂ ಮುಳ್ಳು ಸಿಕ್ಕಿಸಿದ ಪುಣ್ಯಾತ್ಮ!

ಮೂವರೂ ಸಭೆ ಸೇರಿದೆವು. ದರದ ಬಾಜಿಯಲ್ಲಿ ಇದಕ್ಕೊಂದು ದಾರಿ ಇದೆ. ಗೆಲ್ಲುವ ಸೂಚನೆ ಇರುವವನ ಬಾಜಿಯನ್ನು ಮುಗಿಯುವ ಮೊದಲೇ ಕಡಿಮೆಗೆ ಕೊಂಡುಬಿಡುವುದು. ಅವನಿಗೆ ಖಚಿತವಾಗಿ ಸ್ವಲ್ಪ ಸಿಗುತ್ತದೆ, ನಮಗೆ ಪೂರ್ತಿ ಮುಳುಗುವುದು ತಪ್ಪುತ್ತದೆ.

"ಹತ್ತು ಶುಕ್ರವಾರ ತಗೋ" ಅಂದೆ ಚನಿಯನಿಗೆ. "ಈಗಲೇ. ಫೈನಲ್ಲಿನಲ್ಲಿ ಏನಾದರೂ ಆಗಲಿ, ಹತ್ತು ನಿನ್ನದು. ಕಟ್ಟಿದ ಐದೂ ವಾಪಸ್. ಖಲಾಸ್."

ಅವನು ತಲೆ ಕೆರೆದುಕೊಂಡ. "ಅಕ್ಕು ಕೇಳಿದ್ರೆ ಎಂತ ಹೇಳುದು? ನಿನ್ನನ್ನು ಅರ್ಧಕ್ಕೆ ಮಾರಿದೆ ಅಂತವಾ?"

"ಅವಳಿಗೂ ಗೊತ್ತೇನೋ ಇದು?"

"ಕಟ್ಟಿದ ದಿನವೇ ಫೋನ್ ಮಾಡಿ ಹೇಳಿದ್ದೇನೆ. ಬೈದಳು. ಆಮೇಲೆ ನಗಾಡಿದಳು."

ಕ್ಯಾಮಿಲಸ್ ಇನ್ನೊಂದು ಉಪಾಯ ಹೇಳಿದ. "ಹಾಗಾದ್ರೆ ಕರಾಮಾಕ್ಕೂ ಒಂದು ಐದು ಕಟ್ಟಿ ಬಿಡು ಮಾರಾಯ. ಅಕ್ಕು ಗೆದ್ರೆ ಇಪ್ಪತ್ತು ಉಳೀತದೆ. ಸೋತ್ರೆ ಕರಾಮಾದಿಂದ ಐದು ಬಂದು ಲೆಕ್ಕ ಸರಿ. ಹೇಗೆ ಬಿದ್ರೂ ನಿನಗೆ ನಷ್ಟ ಇಲ್ಲ."

ಲೆಕ್ಕ ಸರಿಯಾಗಿಯೇ ಇತ್ತು. ಎಷ್ಟೋ ವರ್ಷದಿಂದ ದರ ಹೇಳುತ್ತಿರುವ ನಾನು, ಹೇಗೆ ಬಿದ್ದರೂ ಸೋಲದ ಬಾಜಿಯನ್ನು ನಮ್ಮ ಮನೆಯಲ್ಲಿ ಯಾರೂ ಕಟ್ಟಿದ್ದು ನೋಡಿರಲಿಲ್ಲ. ಇವನಿಗೆ ಆ ಅವಕಾಶ ತಾನಾಗಿ ಬಂದಿತ್ತು.

ಚನಿಯನಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಅವಳು ಆಚೆ ನಿಂತು ಆಡುದು, ನಾನು ಈಚೆ ನಿಂತು ಅವಳು ಸೋತ್ರೂ ಅಡ್ಡಿ ಇಲ್ಲ ಅಂತ ಇರುದಾ? ಎರಡು ದೋಣಿಯಲ್ಲಿ ಕಾಲಿಡ್ಲಿಕ್ಕೆ ನನಗೆ ಆಗುದಿಲ್ಲ."

ಎದ್ದು ಹೋಗಿ ಸ್ನಾನದ ಮನೆಯ ಬಾಗಿಲು ಹಾಕಿಕೊಂಡ.

ಫೈನಲ್ ಬಂತು. ಅಲ್ ಐನ್‌ಗೂ ಕರಾಮಾಕ್ಕೂ. ಬೇಲಿಯ ಸುತ್ತ ಕುರ್ಚಿ ಸಾಲದೆ ಜನ ಕಾರುಗಳ ಮೇಲೆ ಕೂತಿದ್ದರು. ಒಂದು ಸೆಟ್ಟು ಅವರಿಗೆ, ಒಂದು ಇವರಿಗೆ. ಮೂರನೆಯದು ಹದಿನೈದಕ್ಕೆ ಮುಗಿಯಬೇಕು. ಕರಾಮಾ ಹದಿನಾಲ್ಕು, ಅಲ್ ಐನ್ ಹದಿಮೂರು. ಗುರುದತ್ತ ಕರಾಮಾಕ್ಕೆ ಕಟ್ಟಿದ್ದನ್ನೇ ಮರೆತು ಅಲ್ ಐನ್ ಅಲ್ ಐನ್ ಅಂತ ಕಿರುಚುತ್ತಿದ್ದ. ಸುಳ್ಳೇಕೆ, ಇಪ್ಪತ್ತೈದು ಶುಕ್ರವಾರ ಹೆಗಲಿಗೆ ಬೀಳುತ್ತದೆಂದು ಗೊತ್ತಿದ್ದೂ ನಾನೂ ಕಿರುಚುತ್ತಿದ್ದೆ.

ಕರಾಮಾದ ಟೀಚರು ಜೋರಾಗಿ ಎಸೆದಳು. ಚೆಂಡು ಅಕ್ಕುವಿನ ತಲೆಯ ಮೇಲಿಂದ ಹಾದುಹೋಯಿತು. ಅವಳು ಹಾರಿದಳು, ಸಿಗಲಿಲ್ಲ. ಚೆಂಡು ಗೆರೆಯಿಂದ ಆಚೆ ಬಿತ್ತು. ಅಂಪೈರ್ ಹೊರಗೆ ಅಂತ ಕೈ ತೋರಿಸಿದರು. ಹದಿನಾಲ್ಕು ಸಮ! ನಮ್ಮ ಕಡೆಯವರು ಕುಣಿಯತೊಡಗಿದರು.

ಅಕ್ಕು ಮಾತ್ರ ಕುಣಿಯಲಿಲ್ಲ. ಬಲಗೈ ಮೇಲೆತ್ತಿ ಅಂಪೈರಿನತ್ತ ನಡೆದಳು. ತನ್ನ ತೋರುಬೆರಳಿನ ತುದಿ ತೋರಿಸಿದಳು. ತಾಗಿತ್ತು ಅಂದಳು. ಆಟಗಾರ್ತಿಗೆ ತಾಗಿ ಹೊರಗೆ ಬಿದ್ದರೆ ಅಂಕ ಎಸೆದವರಿಗೆ. ಅಂಪೈರ್ ಮತ್ತೊಮ್ಮೆ ಕೇಳಿದರು. ಅವಳು ಮತ್ತೊಮ್ಮೆ ಬೆರಳು ತೋರಿಸಿದಳು. ಅಲ್ಲಿಗೆ ಹದಿನೈದು, ಕಪ್ ಕರಾಮಾಕ್ಕೆ.

"ಯಾರೂ ನೋಡಿರಲಿಲ್ಲ! ಅಂಪೈರೇ ನೋಡಿರಲಿಲ್ಲ!" ಅಂತ ನಾನು ಬೇಲಿ ಗುದ್ದಿದೆ. ನನ್ನ ಪಕ್ಕದಲ್ಲಿ ಯಾರೋ ಶಿಳ್ಳೆ ಹೊಡೆದರು. ಕಿವಿ ಕಿತ್ತುಹೋಗುವಂಥ ಶಿಳ್ಳೆ. ತಿರುಗಿ ನೋಡಿದರೆ ಚನಿಯ. ಎರಡು ಬೆರಳು ಬಾಯಿಗಿಟ್ಟು, ಕಣ್ಣಲ್ಲಿ ನೀರು ಸುರಿಸುತ್ತ, ಮತ್ತೆ ಮತ್ತೆ ಶಿಳ್ಳೆ ಹೊಡೆಯುತ್ತಿದ್ದ. ಮೈದಾನದ ಆ ತುದಿಯಿಂದ ಅಕ್ಕು ಇವನ ಕಡೆ ನೋಡಿ, ಅದೇ ಬೆರಳನ್ನು ಎತ್ತಿ ತೋರಿಸಿ ನಕ್ಕಳು. ಆ ಬೆರಳಿನ ಬೆಲೆ ಎಷ್ಟೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಟ್ಯಾಕ್ಸಿಯಲ್ಲಿ ಮನೆಗೆ ಬರುವಾಗ, ಸಮಾಧಾನ ಹೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಚನಿಯನೇ ಶುರು ಮಾಡಿದ.

"ಕೈ ಎತ್ತಿದ್ದು ನೋಡಿದ್ರಲ್ವಾ ದ್ವಾರಕಣ್ಣ?"

"ನೋಡಿದೆ ಕಣಪ್ಪ."

"ಎಲ್ರೂ ನೋಡಿದ್ರು" ಅಂದ. ಅವನ ಕಿವಿ ಕೆಂಪಾಗಿತ್ತು. ಆಮೇಲೆ ಡ್ರೈವರಿಗೂ ಹಿಂದಿಯಲ್ಲಿ ಕಥೆ ಪೂರ್ತಿ ಹೇಳಿದ. ಆ ಪೇಶಾವರದವನಿಗೆ ಥ್ರೋಬಾಲ್ ಏನೆಂದೇ ಗೊತ್ತಿರಲಿಲ್ಲ. ಆದರೂ ಕೇಳಿ, ಶಾಬಾಶ್ ಅಂದ.

ಮನೆಗೆ ಬಂದ ಮೇಲೆ ನನಗೆ ಮನಸ್ಸು ತಡೆಯಲಿಲ್ಲ. ಸೀಸನ್ನಿನ ಬಾಜಿಯಲ್ಲಿ ಗೆದ್ದವರು ಅಂದರೆ ಯಾರು? ಅಂಕಪಟ್ಟಿಯ ತುದಿಯಲ್ಲಿರುವವರೋ, ಕಪ್ ಎತ್ತಿದವರೋ? ಇದನ್ನು ಮೊದಲೇ ಹೇಳಿಟ್ಟುಕೊಳ್ಳದೆ ಎಷ್ಟೋ ಕಡೆ ಹೊಡೆದಾಟವಾಗುತ್ತದೆ. ಪಟ್ಟಿಯ ತುದಿಯಲ್ಲಿದ್ದದ್ದು ಅಲ್ ಐನೇ. ಆ ಎಳೆ ಹಿಡಿದು ಒಂದು ದಾರಿ ಮಾಡೋಣವೆಂದುಕೊಂಡೆ.

"ಐದು ತಿಂಗಳ ಲೀಗಿನಲ್ಲಿ ಮೇಲೆ ಬಂದೋರು ಅವರೇ ತಾನೇ? ಒಂದು ಸಂಜೆ ಸೋತ್ರು ಅಷ್ಟೇ. ಅರ್ಧ ಗೆದ್ದೆ ಅಂತ ಇಟ್ಕೊಳ್ಳೋಣ. ಹನ್ನೆರಡು ಶುಕ್ರವಾರ ತಗೋ" ಅಂದೆ. ಕ್ಯಾಮಿಲಸ್, ಗುರುದತ್ತ ಇಬ್ಬರೂ ಹೂಂ ಹೂಂ ಅಂದರು.

ಚನಿಯ ನಕ್ಕ. "ಕಪ್ ಅಂತ ಹೇಳಿ ಅಲ್ವಾ ಸೌಟು ಬಡಿದದ್ದು? ಅವಳು ಅಷ್ಟು ಜನರ ಎದುರು ಕೈ ಎತ್ತಿದ ಮೇಲೆ, ನಾನು ಅಡುಗೆಮನೆಯಲ್ಲಿ ಹನ್ನೆರಡು ತಗೊಂಡ್ರೆ ಅವಳ ಮುಖ ಹೇಗೆ ನೋಡುದು? ಬೇಡ ದ್ವಾರಕಣ್ಣ. ನಾಳೆಯ ಮೀನಿಗೆ ನಾನೇ ಹೋಗ್ತೇನೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಗಾದೆ ಹೇಳುವುದು ಸುಲಭ. ಅದರಂತೆ ನಡೆದವನ ಜೊತೆ ಒಂದೇ ಮನೆಯಲ್ಲಿ ಇರುವುದು ಬೇರೆ. ನನಗೆ ಹೆಮ್ಮೆಯಾಯಿತು. ಇವನು ನಮ್ಮ ಮನೆಯವನು, ನನ್ನ ಎದುರು ಹಾಸಿಗೆಯವನು ಅಂತ ಹೆಮ್ಮೆ. ಅದನ್ನು ಹೇಳಲು ಬಾರದೆ, ದೀಪ ಆರಿಸೋ ಅಂತ ಗದರಿದೆ.

ಮರುದಿನ ಶುಕ್ರವಾರ. ಹತ್ತರಲ್ಲಿ ಮೊದಲನೆಯದು. ಇಸ್ತ್ರಿ ಮಾಡಿದ ಬಿಳಿ ಶರ್ಟು ಮೊಳೆಗೆ ನೇತಾಡುತ್ತಿತ್ತು. ಚನಿಯ ಬನಿಯನ್ನಿನಲ್ಲಿ ಅಂಜಲ್ ಮೀನು ಕತ್ತರಿಸುತ್ತಿದ್ದ. ಅವನ ಜೊತೆಗೆ ಸರದಿ ನನ್ನದು, ನಾನು ಸಾರಿಗೆ ಹುಣಸೆ ಹಿಂಡುತ್ತಿದ್ದೆ. ಬಾಗಿಲು ಬಡಿದ ಸದ್ದಾಯಿತು. ಗುರುದತ್ತ ತೆರೆದ. ಮುಂದೆ ನಾತೂರ್, ಹುಬ್ಬು ಗಂಟಿಕ್ಕಿಕೊಂಡು. ಅವನ ಹಿಂದೆ ಅಕ್ಕು, ಅವಳ ಜೊತೆಗೆ ತಂಡದ ಎವ್ಲಿನ್. ಅಕ್ಕು ತನ್ನ ಕೈಯಲ್ಲಿದ್ದ ಎರಡನೇ ಸ್ಥಾನದ ಪುಟ್ಟ ಕಪ್ ತೋರಿಸಿ, ಇದು ನನ್ನ ಗಂಡನ ಮನೆ ಅಂತ ಹಿಂದಿಯಲ್ಲಿ ನಾತೂರನಿಗೆ ವಿವರಿಸುತ್ತಿದ್ದಳು. ಕ್ಯಾಮಿಲಸ್ ಹಗ್ಗದ ಮೇಲೆ ಒಣಗುತ್ತಿದ್ದ ಲುಂಗಿಗಳನ್ನೆಲ್ಲ ಬಾಚಿಕೊಂಡು ಒಳಗೆ ಓಡಿದ.

ನಾನು ಗಂಟಲು ಸರಿಮಾಡಿಕೊಂಡೆ. "ಅಕ್ಕಮ್ಮ, ಇವತ್ತಿಂದ ಹತ್ತು ಶುಕ್ರವಾರ ಅವನು..."

"ಇವರು ಅಲ್ ಐನ್‌ಗೆ ಬರುವ ಹಾಗಿಲ್ಲ ಅಂತ ಅಲ್ವಾ ಅಣ್ಣ, ಬಾಜಿ?" ಅಂದಳು ಅಕ್ಕು. "ನಾನು ದೇರಾಕ್ಕೆ ಬರುವ ಹಾಗಿಲ್ಲ ಅಂತ ಯಾರೂ ಹೇಳಲಿಲ್ಲ. ನಿನ್ನೆ ಬಸ್ಸಿನಲ್ಲೇ ತಂಡದವರ ಹತ್ತಿರ ಡ್ಯೂಟಿ ಬದಲು ಮಾಡಿ ಮಾಡಿ ಹತ್ತು ವಾರಕ್ಕೂ ಶುಕ್ರವಾರ ರಜೆ ಹಾಕಿಸಿಕೊಂಡಿದ್ದೇನೆ."

ನಾನು ನಾತೂರನ ಕೈಗೆ ಖರ್ಜೂರದ ಪೊಟ್ಟಣವನ್ನಿಟ್ಟು, ಯಲ್ಲಾ, ಹೊರಡು ಅಂತ ಕಳಿಸಿಬಿಟ್ಟೆ. ಚನಿಯ ಮೀನಿನ ಕೈಯಲ್ಲೇ ನಿಂತಿದ್ದ. ಕಿವಿ ಮಾತ್ರವಲ್ಲ, ಕುತ್ತಿಗೆಯೂ ಕೆಂಪಾಗಿತ್ತು. ಅಕ್ಕು ಕಪ್ಪನ್ನು ಗ್ಯಾಸ್ ಒಲೆಯ ಪಕ್ಕ ಇಟ್ಟಳು. ಅವನು ಕೈ ತೊಳೆದು, ಅದನ್ನು ತೆಗೆದು, ಎಣ್ಣೆ ಸಿಡಿಯದ ಮೇಲಿನ ಶೆಲ್ಫಿನಲ್ಲಿ ಇಟ್ಟ.

ಊಟಕ್ಕೆ ಎಲ್ಲರೂ ನೆಲದ ಮೇಲೆ ಕೂತೆವು. ಮೀನಿನ ಮೊದಲ ತುಂಡು ಮನೆಯ ಗೆದ್ದವನಿಗೆ ಅಂತ ನಮ್ಮಲ್ಲಿ ವಾಡಿಕೆ. ಆ ವಾರ ಗೆದ್ದವನು ಕರಾಮಾಕ್ಕೆ ಕಟ್ಟಿದ ಗುರುದತ್ತ. ಅವನು ತನ್ನ ತಟ್ಟೆಯನ್ನು ಹಾಗೇ ಅಕ್ಕುವಿನ ಮುಂದೆ ಸರಿಸಿದ. ಅಕ್ಕು ಅದರಲ್ಲಿ ಅರ್ಧ ಮುರಿದು ಚನಿಯನ ತಟ್ಟೆಗೆ ಹಾಕಿದಳು.

"ಅಣ್ಣ, ಮುಂದಿನ ಸೀಸನ್ನಿಗೆ ಅಲ್ ಐನ್ ದರ ಎಷ್ಟು?" ಅಂತ ಕೇಳಿದಳು ಕೈ ತೊಳೆದು ಬಂದು.

"ಒಂದಕ್ಕೆ ಐದು ಇನ್ನು ಈ ಜನ್ಮದಲ್ಲಿ ಇಲ್ಲಮ್ಮ" ಅಂದೆ. "ಒಂದಕ್ಕೆ ಒಂದು."

"ಆಗಬಹುದು. ನಂದು ಐದು ಶುಕ್ರವಾರ. ಗೆದ್ದರೆ ಇವರ ಸರದಿ ನೀವು ಮಾಡಬೇಕು."

"ಸೋತರೆ? ನೀನು ಮೆಸ್ಸಿನವಳೇ ಅಲ್ಲ. ಹೇಗೆ ತೀರಿಸ್ತೀಯ?"

"ಸೋತರೆ ಐದು ಶುಕ್ರವಾರ ನಾನೇ ಇಲ್ಲಿಗೆ ಬಂದು ಅಡುಗೆ ಮಾಡಿ ಕೊಡ್ತೇನೆ. ಇವರ ಸರದಿ ಇರುವ ವಾರ ನೋಡಿ."

ಮೊದಲು ನಕ್ಕವನು ಕ್ಯಾಮಿಲಸ್. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವಳು ಗೆದ್ದರೆ ಚನಿಯ ಅಲ್ ಐನ್‌ಗೆ ಹೋಗುತ್ತಾನೆ. ಸೋತರೆ ಅವಳು ಇಲ್ಲಿಗೆ ಬರುತ್ತಾಳೆ. ಹೇಗೆ ಬಿದ್ದರೂ ಸೋಲದ ಬಾಜಿ, ಗಂಡ ಬೇಡವೆಂದು ಬಿಟ್ಟದ್ದು, ಹೆಂಡತಿ ತನ್ನ ತಂಡಕ್ಕೇ ಕಟ್ಟಿ ಗಿಟ್ಟಿಸಿಕೊಂಡಿದ್ದಳು. ದರ ಹೇಳುವವನು ನಾನು. ದರ ಹೇಳಿಯೂ ಆಗಿತ್ತು.

ಅಕ್ಕು ಎದ್ದು ಅಡುಗೆಮನೆಗೆ ಹೋದಳು. ಸೌಟು ಎಲ್ಲಿದೆಯೆಂದು ಚನಿಯ ತೋರಿಸಿದ. ಅವಳು ಅನ್ನದ ಪಾತ್ರೆಯ ಮುಚ್ಚಳಕ್ಕೆ ಬಡಿದ ಏಟು ಕೆಳಗಿನ ನಾತೂರನಿಗೂ ಕೇಳಿಸಿರಬೇಕು.